ನಾನು ಹೇಳಿದ ತಪ್ಪರ್ಥ

ಈ ಸಲದ ಆಷಾಢದಲ್ಲಿ ಒಂದು ದಿನ ಬೆಳಗಾವಿಯ ಒಂದು ವೈದ್ಯಕೀಯ ಕಾಲೇಜಿನ ಸಭಾಗೃಹದಲ್ಲಿ ಬೆಳಗಿನ ಒಂಬತ್ತೂವರೆಯಿಂದ ಸಾಯಂಕಾಲದ ಐದರ ವರೆಗೆ ಕುಳಿತಿದ್ದೆನು. ಅಲ್ಲಿ ನಡೆದದ್ದು ಮೈಟೊಕಾಂಡ್ರಿಯವೆಂಬ ಅತಿಸೂಕ್ಷ್ಮವಾದ ಅಂಗದ ಸಂಶೋಧನೆಯನ್ನೂ ಅದರ ವೈಕಲ್ಯದಿಂದ ಹುಟ್ಟುವ ರೋಗಗಳನ್ನೂ ಕುರಿತ ಒಂದು ದಿನದ ವಿದ್ವತ್ಸಭೆ. ಜೀವಮಾನವೆಲ್ಲ ಶಬ್ದರೂಪ ಧಾತುರೂಪಗಳನ್ನು ಹುಡುಗರಿಂದ ಬಾಯಿಪಾಠ ಮಾಡಿಸಿದ ಸಂಸ್ಕೃತದ ಮಾಸ್ತರನಿಗೆ ಅಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಕೇಳತಕ್ಕದ್ದೇ. ನನ್ನ ಮನೆಯಲ್ಲಿ ನಾನೇ ಕೈಯಾರೆ ಮಾಡಿದ ಒಂದು ಅನರ್ಥವು ನನ್ನನ್ನು ಅಲ್ಲಿಗೆ ಎಳೆದೊಯ್ದಿತು. ಅದನ್ನು ಮೊದಲು ಹೇಳದೆ ಸಭೆಯ ವಿಷಯವನ್ನು ಹೇಳಲಾರೆನು.

ನಮ್ಮ ಮನೆ ಗೋಕಾಕದಲ್ಲಿ. ನನ್ನ ತಂಗಿಯನ್ನು ಹುಕ್ಕೇರಿಗೆ ಕೊಟ್ಟಿದೆ. ನನ್ನ ಹೆಂಡತಿಯ ತವರು ಮೂಡಲಗಿ; ಅಲ್ಲಿಯ ಸಾಲೆಯಲ್ಲಿಯೇ ನಾನು ಬಹಳ ವರ್ಷ ಕೆಲಸ ಮಾಡಿದ್ದರಿಂದ ಆ ಊರು ನನಗೆ ಮಾವನ ಮನೆಯೂ ಹೌದು, ಅನ್ನದ ಮನೆಯೂ ಹೌದು. ಏಳು ವರ್ಷಗಳ ಹಿಂದೆ ನನ್ನ ಮಗಳನ್ನು ಹುಕ್ಕೇರಿಯ ತಂಗಿಯ ಮಗನಿಗೆ ಧಾರೆಯೆರೆದು ಕೊಟ್ಟೆನು. ಆಗ ನನ್ನ ಸ್ನೇಹಿತರೊಬ್ಬರು, ಇಷ್ಟು ಹತ್ತಿರದ ಸಂಬಂಧವೇಕೆಂದು ಕೇಳಿದ್ದರು. ನಾನು ಪಂಡಿತ, ನನಗೆ ಉತ್ತರಕ್ಕೆ ಕೊರತೆಯೇ? ತಾಯಿಯ ಕಡೆಯಿಂದ ಐದು, ತಂದೆಯ ಕಡೆಯಿಂದ ಏಳು ತಲೆಮಾರು ಕಳೆಯಬೇಕೆಂದು ಯಾಜ್ಞವಲ್ಕ್ಯನು ಹೇಳಿದ್ದುಂಟು. ಆದರೆ ಸೋದರಮಾವನ ಮಗಳನ್ನೂ ಸೋದರತ್ತೆಯ ಮಗಳನ್ನೂ ಮದುವೆಯಾಗುವದು ದಾಕ್ಷಿಣಾತ್ಯರ ಆಚಾರಗಳಲ್ಲೊಂದೆಂದು ಬೌಧಾಯನನು ಎಣಿಸಿ, ಆಯಾ ದೇಶದಲ್ಲಿ ಆಯಾ ದೇಶದ ಆಚಾರವೇ ಪ್ರಮಾಣವೆಂದೂ ಹೇಳುತ್ತಾನೆ. ಇದನ್ನು ಹೇಳಿ ಸ್ನೇಹಿತರ ಬಾಯಿ ಮುಚ್ಚಿಸಿದೆನು. ತಂಗಿಯ ಮನೆ, ಕಂಡ ಹುಡುಗ, ವರದಕ್ಷಿಣೆಯ ಮಾತಿಲ್ಲ. ನಿಜವಾದ ಕಾರಣಗಳು ಇವೇ ಇದ್ದವು. ಬೌಧಾಯನನನ್ನು ಸಾಕ್ಷಿಗೆ ಮಾತ್ರ ಕರೆದೆನು.

ಮದುವೆಯಾದ ಎರಡನೆಯ ವರ್ಷಕ್ಕೆ ಗಂಡುಮಗು ಹುಟ್ಟಿತು. ಎಂಟು ತಿಂಗಳ ವರೆಗೆ ಎಲ್ಲ ಕೂಸುಗಳ ಹಾಗೆಯೇ ಇತ್ತು. ಕುಳಿತುಕೊಳ್ಳುತ್ತಿತ್ತು, ಕೈಚಪ್ಪಾಳೆ ತಟ್ಟುತ್ತಿತ್ತು, ನನ್ನ ಕನ್ನಡಕವನ್ನು ಕಸಿಯುತ್ತಿತ್ತು. ಒಂಬತ್ತನೆಯ ತಿಂಗಳಿನಲ್ಲಿ ಎಲ್ಲರಿಗೂ ಬರುವಂಥ ಒಂದು ಜ್ವರ ಬಂದಿತು. ಜ್ವರ ಇಳಿಯಿತು, ಆದರೆ ಮಗು ಕುಳಿತುಕೊಳ್ಳುವದನ್ನು ಮರೆಯಿತು. ಆ ಮೇಲೆ ಕತ್ತು ನಿಲ್ಲದಾಯಿತು, ಕುಡಿದ ಹಾಲೆಲ್ಲ ವಾಂತಿಯಾಗಹತ್ತಿತು, ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಹೊರಳಹತ್ತಿದವು. ಗೋಕಾಕ, ಬೆಳಗಾವಿ, ಕಡೆಗೆ ಬೆಂಗಳೂರು. ಮೆದುಳಿನ ಚಿತ್ರ ತೆಗೆದು, ರಕ್ತವನ್ನು ಪರೀಕ್ಷೆಗೆ ಕಳಿಸಿ, ಇದು ಲೀ ಎಂಬವರ ಹೆಸರಿನ ರೋಗ, ಇದಕ್ಕೆ ಗುಣಪಡಿಸುವ ಔಷಧವಿಲ್ಲ ಎಂದು ಅಲ್ಲಿಯ ವೈದ್ಯರು ಹೇಳಿದರು. ಮೂರು ತುಂಬುವದಕ್ಕೆ ಎರಡು ತಿಂಗಳಿರುವಾಗ ಮಗು ನನ್ನ ತಂಗಿಯ ತೊಡೆಯ ಮೇಲೆ ಕಣ್ಣು ಮುಚ್ಚಿತು.

ಬೆಂಗಳೂರಿನಿಂದ ಬಂದ ಪರೀಕ್ಷಾಪತ್ರವು ಇಂಗ್ಲಿಷಿನಲ್ಲಿತ್ತು. ಮನೆತನದಲ್ಲಿ ಓದಿದವನೆಂದು ಎಲ್ಲರೂ ಅದನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಮೈಟೊಕಾಂಡ್ರಿಯವೆಂಬ ಶಬ್ದವು ನಾಲ್ಕು ಸಲ ಬಂದಿತ್ತು. ಮೈಟೊಕಾಂಡ್ರಿಯವು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವದು, ತಂದೆಯಿಂದ ಬರಲಾರದು ಎಂದು ನಾನು ಹಿಂದೊಮ್ಮೆ ಯಾವದೋ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಓದಿದ್ದೆನು. ಆ ಒಂದು ವಾಕ್ಯದ ಬಲದಿಂದ ಉಳಿದ ಪತ್ರವನ್ನೆಲ್ಲ ಅರ್ಥೈಸಿದೆನು. ಇದು ತಾಯಿಯ ಪರಂಪರೆಯಿಂದ ಬಂದ ರೋಗವೆಂದು ಹುಕ್ಕೇರಿಯ ಪಡಸಾಲೆಯಲ್ಲಿ ಕುಳಿತು ನಿರ್ಣಯ ಕೊಟ್ಟೆನು. "ಡಾಕ್ಟರು ಇಬ್ಬರಿಂದಲೂ ಬಂದದ ಅಂದಿದ್ರು, ಅಪ್ಪಾ" ಎಂದು ಮಗಳು ಮೆಲ್ಲಗೆ ಅಂದಳು. ನಾನು ಅವಳನ್ನು ತಿದ್ದಿದೆನು. ಮೂವತ್ತೈದು ವರ್ಷ ಮಕ್ಕಳನ್ನು ತಿದ್ದಿದ ಚಟ!

ನನ್ನ ಮಗಳ ತಾಯಿ ಯಾರು? ನನ್ನ ಹೆಂಡತಿ. ಅವಳ ತಾಯಿ? ಮೂಡಲಗಿಯ ನನ್ನ ಅತ್ತೆ. ಹೆಂಡತಿಯ ತಮ್ಮನೊಬ್ಬನು ಎರಡು ವರ್ಷದ ಕೂಸಿದ್ದಾಗ ಜ್ವರದಿಂದ ತೀರಿಕೊಂಡಿದ್ದನು. ಐವತ್ತು ವರ್ಷದ ಹಿಂದಿನ ಆ ಸಾವು ಈಗ ಎಲ್ಲರಿಗೂ ನೆನಪಾಯಿತು. "ಇದು ಮೂಡಲಗಿಯಿಂದ ಬಂದದ್ದು" ಎಂದು ನನ್ನ ತಂಗಿ ಒಂದೇ ಸಲ ಅಂದಳು, ಮತ್ತೆ ಅನ್ನಲಿಲ್ಲ. ಒಂದು ಸಲ ಸಾಕಾಯಿತು. ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಆದರೆ ಆ ವರ್ಷ ಪಂಚಮಿಗೆ ತವರಿಗೆ ಹೋಗಲಿಲ್ಲ. ಮುಂದಿನ ವರ್ಷವೂ ಹೋಗಲಿಲ್ಲ. ಕಾರಣ ಕೇಳಿದರೆ ಮೊಣಕಾಲು ನೋವೆನ್ನುತ್ತಿದ್ದಳು.

ಈಗ ಸಭೆಯ ಮಾತು. ಮೂಡಲಗಿಯ ಸಾಲೆಯಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗನೊಬ್ಬನು ಈಗ ಬೆಳಗಾವಿಯಲ್ಲಿ ಮಕ್ಕಳ ವೈದ್ಯನಾಗಿದ್ದಾನೆ. ಒಂದು ಮದುವೆಯಲ್ಲಿ ಭೆಟ್ಟಿಯಾದಾಗ ಮೊಮ್ಮಗನ ಸುದ್ದಿಯನ್ನು ನನ್ನ ತಾತ್ಪರ್ಯದೊಡನೆಯೇ ಅವನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗುರುಗಳೇ, ಮುಂದಿನ ವಾರ ಇದೇ ವಿಷಯದ ಸಭೆ ಅದ. ಬರ್ರಿ. ಆ ರಿಪೋರ್ಟ್ ತಗೊಂಡs ಬರ್ರಿ" ಎಂದನು. ಗುರುವನ್ನು ನಾಲ್ಕು ಜನರೆದುರು ತಿದ್ದಬಾರದೆಂಬ ವಿನಯವು ಅದರಲ್ಲಿದ್ದಿತೆಂಬದು ನನಗೆ ತಡವಾಗಿ ತಿಳಿಯಿತು.

ಸಭೆಯ ಮುಕ್ಕಾಲು ಮಾತುಗಳು ಇಂಗ್ಲಿಷಿನಲ್ಲಿ, ಕಾಲು ಭಾಗ ಆ ಇಂಗ್ಲಿಷಿಗೂ ತಿಳಿಯದ ಭಾಷೆಯಲ್ಲಿ. ಆದರೂ ಮೊದಲನೆಯ ಭಾಷಣಕಾರರು ಹಿರಿಯರು, ಕಲಿಸಿ ಪಳಗಿದವರು. ಅವರ ಮಾತು ನನಗೆ ಹಿಡಿಯಿತು. ೧೮೯೮ರಲ್ಲಿ ಕಾರ್ಲ್ ಬೆಂಡಾ ಎಂಬ ಜರ್ಮನ್ ವಿದ್ವಾಂಸನು ಈ ಹೆಸರನ್ನಿಟ್ಟನಂತೆ. ಗ್ರೀಕಿನಲ್ಲಿ ಮೀಟೋಸ್ ಎಂದರೆ ನೂಲು, ಖೋಂಡ್ರೋಸ್ ಎಂದರೆ ಕಾಳು. ಹಿಂದಿಯ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸೂತ್ರಕಣಿಕೆಯೆಂದೇ ಹೆಸರು. ನಾನೂ ಮುಂದೆ ಸೂತ್ರಕಣವೆಂದೇ ಬರೆಯುವೆನು; ನನ್ನ ಲೇಖನಿಗೆ ಇದು ಒಗ್ಗುತ್ತದೆ. ನಮ್ಮ ದೇಹದ ಒಂದೊಂದು ಜೀವಕೋಶದಲ್ಲಿಯೂ ಇವು ನೂರಾರು, ಕೆಲವು ಕಡೆ ಸಾವಿರಾರು ಇರುವವು. ರಕ್ತದ ಕೆಂಪು ಕಣಗಳಲ್ಲಿ ಮಾತ್ರ ಇಲ್ಲ. ಉಂಡ ಅನ್ನವೂ ಉಸಿರಿದ ಗಾಳಿಯೂ ಕೂಡಿ ಶಕ್ತಿಯಾಗುವದು ಇವುಗಳಲ್ಲಿ. ಆ ಶಕ್ತಿಯನ್ನು ಹೊತ್ತು ತಿರುಗುವ ಎ.ಟಿ.ಪಿ. ಎಂಬ ದ್ರವ್ಯವನ್ನು ೧೯೨೯ರಲ್ಲಿ ಕಂಡುಹಿಡಿದವರಲ್ಲಿ ಆಂಧ್ರದಲ್ಲಿ ಹುಟ್ಟಿ ಅಮೇರಿಕೆಯಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರೊಬ್ಬರೆಂದು ಕೇಳಿ ಮನಸ್ಸು ಹಿಗ್ಗಿತು.

ಆ ಯಂತ್ರ ನಡೆಯುವ ರೀತಿಯನ್ನು ಅವರು ವಿವರಿಸಹತ್ತಿದಾಗ ನನ್ನ ಕಣ್ಣ ಮುಂದೆ ನಮ್ಮ ಊರೇ ಬಂದು ನಿಂತಿತು. ಘಟಪ್ರಭೆಯು ಗೋಕಾಕದಲ್ಲಿ ಸುಮಾರು ೧೭೦ ಅಡಿ ಕೆಳಗೆ ಧುಮುಕುತ್ತಾಳೆ. ಮೇಲೆ ನಿಂತ ನೀರನ್ನು ಕೊಳವೆಯಲ್ಲಿ ಇಳಿಸಿ, ಗಾಲಿಯನ್ನು ತಿರುಗಿಸಿ, ೧೮೮೭ರಷ್ಟು ಹಿಂದೆಯೇ ಇಲ್ಲಿ ವಿದ್ಯುತ್ತನ್ನು ಹುಟ್ಟಿಸಿದರೆಂದು ನಮ್ಮ ಹಿರಿಯರು ಹೆಮ್ಮೆಪಡುತ್ತಿದ್ದರು. ಸೂತ್ರಕಣದೊಳಗೂ ಹಾಗೆಯೇ. ಅದಕ್ಕೆ ಎರಡು ಪೊರೆಗಳು. ಒಳಪೊರೆಯು ನಮ್ಮ ಹೆಂಗಸರು ಸೀರೆಯ ನೆರಿಗೆ ಹಿಡಿದ ಹಾಗೆ ಮಡಿಕೆ ಮಡಿಕೆಯಾಗಿರುವದು. ಆಹಾರದಿಂದ ಬಂದ ಶಕ್ತಿಯು ಜಲಜನಕದ ಕಣಗಳನ್ನು ಆ ಪೊರೆಯ ಆಚೆಗೆ ಎತ್ತಿ ಹಾಕುವದು, ಅಣೆಕಟ್ಟಿನ ಹಿಂದೆ ನೀರು ತುಂಬಿದಂತೆ. ಅವು ತಿರುಗಿ ಒಳಗೆ ಇಳಿಯಲು ಇರುವ ದಾರಿಯಲ್ಲಿ ಒಂದು ಗಾಲಿ. ಅದು ನಿಜವಾಗಿಯೂ ಗರಗರನೆ ತಿರುಗುವ ಗಾಲಿಯಂತೆ! ಅದು ತಿರುಗಿದಂತೆಲ್ಲ ಎ.ಟಿ.ಪಿ. ಹುಟ್ಟುವದು. ಪೀಟರ್ ಮಿಚೆಲ್ ಎಂಬ ಇಂಗ್ಲಿಷ್ ವಿಜ್ಞಾನಿಯು ೧೯೬೧ರಲ್ಲಿ ಹೀಗೆಂದಾಗ ಬಹು ಜನರು ಒಪ್ಪಲಿಲ್ಲ. ೧೯೭೮ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು.

ಮೆದುಳು ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿದ್ದರೂ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ತಿನ್ನುವದು. ಆದುದರಿಂದ ಸೂತ್ರಕಣ ಕೆಟ್ಟರೆ ಮೊದಲು ಕತ್ತಲಾಗುವ ಕೋಣೆಗಳು ಮೆದುಳು, ಕಣ್ಣು, ಹೃದಯ, ಸ್ನಾಯು. ಜ್ವರ ಬಂದಾಗ ಶಕ್ತಿಯ ಬೇಡಿಕೆ ಹೆಚ್ಚುವದು, ಮೊದಲೇ ಕಡಮೆಯಿರುವ ಹುಟ್ಟುವಳಿ ಸಾಲದಾಗುವದು. ಆಗಲೇ ಮೆದುಳಿನ ಒಳಭಾಗಗಳು ಕೆಡಲಾರಂಭಿಸುವವು. ೧೯೫೧ರಲ್ಲಿ ಡೆನಿಸ್ ಲೀ ಎಂಬ ವೈದ್ಯನು ಏಳು ತಿಂಗಳ ಕೂಸೊಂದರ ಮೆದುಳಿನಲ್ಲಿ ಇಂಥ ವಿಕಾರವನ್ನು ಕಂಡು ಮೊದಲು ಬರೆದಿಟ್ಟನು. ಮುಂದೆ ೧೯೬೨ರಲ್ಲಿ ಸ್ವೀಡನ್ನಿನ ರೋಲ್ಫ್ ಲುಫ್ಟ್ ಎಂಬವನು ಎಷ್ಟು ಉಂಡರೂ ಮೈ ಹಿಡಿಯದ, ಸದಾ ಬೆವರುವ ಒಬ್ಬ ಹೆಂಗಸಿನ ರೋಗದ ಮೂಲ ಸೂತ್ರಕಣದಲ್ಲಿದೆಯೆಂದು ತೋರಿಸಿದನು. ಇಂಥ ರೋಗಗಳ ಅಭ್ಯಾಸವು ನಮ್ಮಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್, ಹೈದರಾಬಾದದ ಕೋಶೀಯ ಮತ್ತು ಆಣ್ವಿಕ ಜೀವಶಾಸ್ತ್ರ ಕೇಂದ್ರಗಳಲ್ಲಿ ಬಹಳ ವರ್ಷಗಳಿಂದ ನಡೆದಿದೆ.

ಎರಡನೆಯ ಭಾಷಣವು ಒಬ್ಬ ತರುಣ ವೈದ್ಯೆಯದು, ವಂಶಾನುಗತಿಯ ವಿಷಯ. ಸೂತ್ರಕಣಕ್ಕೆ ತನ್ನದೇ ಒಂದು ಪುಟ್ಟ ಡಿಎನ್‌ಎ ಗ್ರಂಥವಿದೆಯೆಂದೂ, ಅದರ ೧೬,೫೬೯ ಅಕ್ಷರಗಳನ್ನೂ ೧೯೮೧ರಲ್ಲಿ ಕೇಂಬ್ರಿಜಿನ ವಿದ್ವಾಂಸರು ಓದಿ ಮುಗಿಸಿದರೆಂದೂ, ಅದು ತಾಯಿಯಿಂದಲೇ ಮಕ್ಕಳಿಗೆ ಬರುವದೆಂದೂ ಆಕೆ ಹೇಳಿದಳು. ನಾನು ತಲೆದೂಗಿದೆನು; ನಾನು ಹೇಳಿದ್ದು ಇದನ್ನೇ ಅಲ್ಲವೇ? ಆದರೆ ಆಕೆ ಅಲ್ಲಿಗೆ ನಿಲ್ಲಲಿಲ್ಲ. ಆ ಪುಟ್ಟ ಗ್ರಂಥದಲ್ಲಿರುವವು ಮೂವತ್ತೇಳು ವಂಶವಾಹಿಗಳು ಮಾತ್ರ. ಅವುಗಳಿಂದ ಹುಟ್ಟುವ ಪ್ರೋಟೀನುಗಳು ಹದಿಮೂರು ಮಾತ್ರ. ಸೂತ್ರಕಣವು ನಡೆಯಲು ಬೇಕಾದವು ಸಾವಿರಕ್ಕೂ ಮಿಕ್ಕಿದ ಪ್ರೋಟೀನುಗಳು. ಉಳಿದವುಗಳೆಲ್ಲದರ ಬರಹವು ಕೋಶಕೇಂದ್ರದ ದೊಡ್ಡ ಗ್ರಂಥದಲ್ಲಿರುವದು. ಆ ದೊಡ್ಡ ಗ್ರಂಥದ ಒಂದು ಪ್ರತಿಯನ್ನು ತಾಯಿ ಕೊಡುವಳು, ಇನ್ನೊಂದನ್ನು ತಂದೆ ಕೊಡುವನು. ಮಕ್ಕಳಲ್ಲಿ ಕಾಣುವ ಸೂತ್ರಕಣದ ರೋಗಗಳಲ್ಲಿ ಹೆಚ್ಚಿನವು ಈ ದೊಡ್ಡ ಗ್ರಂಥದ ದೋಷದಿಂದಲೇ ಬರುವವು. ಉದಾಹರಣೆಗೆಂದು ಆಕೆ ತೆರೆಯ ಮೇಲೆ ಒಂದು ವಂಶವಾಹಿಯ ಹೆಸರನ್ನು ತೋರಿಸಿದಳು: ಸರ್ಫ್-೧. ಲೀ ರೋಗದೊಡನೆ ಇದರ ಸಂಬಂಧವು ೧೯೯೮ರಲ್ಲಿ ತಿಳಿಯಿತು.

ಆ ಹೆಸರು ನನ್ನ ಚೀಲದಲ್ಲಿದ್ದ ಪತ್ರದ ಎರಡನೆಯ ಸಾಲಿನಲ್ಲಿದ್ದಿತು.

ಮಧ್ಯಾಹ್ನ ಊಟದ ಸಾಲಿನಲ್ಲಿ ನಿಲ್ಲದೆ ಶಿಷ್ಯನನ್ನು ಒಂದು ಮೂಲೆಗೆ ಕರೆದು ಪತ್ರವನ್ನು ಕೊಟ್ಟೆನು. ಅವನು ಬೆರಳಿಟ್ಟು ಒಂದೊಂದೇ ಸಾಲನ್ನು ಓದಿಸಿದನು. ಮೂಡಲಗಿಯಲ್ಲಿ ನಾನು ಅವನಿಗೆ ಓದಿಸಿದ ಹಾಗೆ. ಮಗುವಿನ ಎರಡೂ ಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ತಪ್ಪು. ತಂದೆಯ ಒಂದು ಪ್ರತಿಯಲ್ಲಿ ಅದೇ ತಪ್ಪು, ಇನ್ನೊಂದು ಸರಿ. ತಾಯಿಯದೂ ಹಾಗೆಯೇ. ಒಂದು ಪ್ರತಿ ಸರಿಯಿದ್ದರೆ ರೋಗವಿಲ್ಲ. ಅದಕ್ಕೇ ಅವರಿಬ್ಬರೂ ಗಟ್ಟಿಯಾಗಿದ್ದಾರೆ.

ಇಷ್ಟು ಹೇಳಿ ಅವನು ಸುಮ್ಮನಾದನು. ಮುಂದಿನದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ತಾಳೆಗರಿಗಳನ್ನು ಹಿಡಿದು ಪಾಠ ಶೋಧಿಸುವವರಿಗೆ ಒಂದು ನಿಯಮ ಗೊತ್ತುಂಟು. ಎರಡು ಪ್ರತಿಗಳಲ್ಲಿ ಸರಿಯಾದ ಪಾಠ ಕೂಡಿ ಬಂದರೆ ಅದೇನೂ ವಿಶೇಷವಲ್ಲ. ಅಪರೂಪವಾದ ಒಂದೇ ತಪ್ಪು ಎರಡರಲ್ಲಿಯೂ ಬಂದಿದ್ದರೆ ಅವು ಒಂದೇ ಮಾತೃಕೆಯಿಂದ ಇಳಿದವು. ಮಾತೃಕೆಯೆಂಬ ಶಬ್ದದಲ್ಲಿ ತಾಯಿಯಿದ್ದಾಳೆ. ಆದರೆ ಗ್ರಂಥಸಂಪಾದಕರ ಮಾತಿನಲ್ಲಿ ಅದು ಮೂಲಪ್ರತಿ, ಅದಕ್ಕೆ ಗಂಡು ಹೆಣ್ಣಿಲ್ಲ. ಅಳಿಯನಿಗೂ ಮಗಳಿಗೂ ನಡುವೆ ಸಮಾನವಾದ ಮೂಲ ಯಾವದು? ನನ್ನ ತಂಗಿ ಮತ್ತು ನಾನು. ನಮ್ಮ ಮೇಲೆ ನಮ್ಮ ತಂದೆತಾಯಿಗಳು. ಆ ತಪ್ಪಕ್ಷರವು ಗೋಕಾಕದ ನಮ್ಮ ಮನೆಯದು. ತಂಗಿಯ ಮೂಲಕ ಹುಕ್ಕೇರಿಗೆ ಹೋಯಿತು, ನನ್ನ ಮೂಲಕ ಮಗಳಿಗೆ ಬಂದಿತು, ನಾನು ಮಾಡಿದ ಮದುವೆಯಲ್ಲಿ ಎರಡೂ ಕೂಡಿದವು. ಮೂಡಲಗಿಗೂ ಇದಕ್ಕೂ ಸಂಬಂಧವೇ ಇಲ್ಲ.

ಸೋದರಿಕೆಯ ಮದುವೆಗಳೆಲ್ಲ ಹೀಗಾಗುವವೆಂದು ವಾಚಕರು ಭಯಪಡಬೇಕಾಗಿಲ್ಲ. ನಮ್ಮ ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲೊಂದು ಸಂಬಂಧದೊಳಗಿನದು, ಅವುಗಳಲ್ಲಿ ಹುಟ್ಟಿದ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ. ಆದರೆ ಅಣ್ಣತಂಗಿಯರ ಮಕ್ಕಳಲ್ಲಿ ಸರಾಸರಿ ಎಂಟರಲ್ಲೊಂದು ಪಾಲು ಬರಹವು ಒಂದೇ ಮೂಲದ್ದು. ಅದರಲ್ಲಿ ಯಾವ ತಪ್ಪು ಅಡಗಿದೆಯೆಂಬದು ಬೌಧಾಯನನಿಗೆ ತಿಳಿಯಲು ದಾರಿಯಿರಲಿಲ್ಲ. ನನಗೆ ಇದ್ದಿತು, ಮದುವೆಗೆ ಮುಂಚೆ ವೈದ್ಯರನ್ನು ಕೇಳಬಹುದಾಗಿತ್ತು.

ಮಧ್ಯಾಹ್ನದ ಮೇಲಿನ ಭಾಷಣಗಳಲ್ಲಿ ನನ್ನ ಚಿತ್ತವು ಸರಿಯಾಗಿ ನಿಲ್ಲಲಿಲ್ಲ. ಆದರೂ ಒಂದನ್ನು ಬರೆದಿಟ್ಟುಕೊಂಡೆನು, ಏಕೆಂದರೆ ಅದು ಮನೆಮನೆಯ ಮಾತು. ಸೂತ್ರಕಣದೊಳಗೆ ಅನ್ನದ ಸಾರವು ಶಕ್ತಿಯಾಗಲು ಥಯಾಮಿನ್ ಎಂಬ ಬಿ-೧ ಜೀವಸತ್ವವು ಬೇಕು. ಬಾಣಂತಿಗೆ ಪಥ್ಯವೆಂದು ಕೇವಲ ಬಿಳಿ ಅಕ್ಕಿಯ ಅನ್ನವನ್ನು ತಿಳಿಸಾರಿನೊಡನೆ ಕೊಟ್ಟು, ಬೇಳೆ ಕಾಳು ಪಲ್ಯಗಳನ್ನು ನಿಲ್ಲಿಸುವ ಮನೆಗಳುಂಟು. ಆ ತಾಯಿಯ ಹಾಲಿನಲ್ಲಿ ಈ ಸತ್ವ ಇಲ್ಲವಾಗಿ, ಎರಡು ಮೂರು ತಿಂಗಳ ಮೊಲೆಗೂಸುಗಳು ಒಮ್ಮೆಲೆ ಏದುಸಿರು ಬಿಡುತ್ತ, ದನಿ ಕುಗ್ಗಿ, ಹೃದಯ ಸೋತು ಆಸ್ಪತ್ರೆಗೆ ಬರುವವು. ಥಯಾಮಿನ್ ಸೂಜಿ ಕೊಟ್ಟರೆ ಒಂದೆರಡು ದಿನದಲ್ಲಿಯೇ ಚೇತರಿಸಿಕೊಳ್ಳುವವು, ಗುರುತಿಸದಿದ್ದರೆ ಸಾಯುವವು. ಕರ್ನಾಟಕದ ವೈದ್ಯರೇ ಇಂಥ ಕೂಸುಗಳನ್ನು ಕಂಡು ಬರೆದಿದ್ದಾರೆ. ಔಷಧವಿಲ್ಲದ ರೋಗಗಳ ಸಭೆಯಲ್ಲಿ ಕೆಲವೇ ರೂಪಾಯಿಗಳ ಈ ಔಷಧದ ಮಾತು ಬಂದಾಗ ಸಭಾಗೃಹದಲ್ಲಿ ಎಲ್ಲರೂ ನೆಟ್ಟಗೆ ಕುಳಿತರು. ಬಾಣಂತಿಯರಿರುವ ಮನೆಯ ಹಿರಿಯ ಹೆಂಗಸರು ಇದನ್ನು ಎರಡು ಸಲ ಓದಬೇಕು. ಬೇಳೆಯ ಕಟ್ಟು, ಕಾಳು, ಜೋಳದ ರೊಟ್ಟಿ ಇವುಗಳಿಂದ ಬಾಣಂತಿಗೆ ಕೇಡಿಲ್ಲ.

ಕಡೆಯ ಭಾಷಣವು ಬ್ರಿಟನ್ನಿನ ಹೊಸ ಪ್ರಯೋಗದ್ದು. ತಾಯಿಯ ಸೂತ್ರಕಣವೇ ಕೆಟ್ಟಿದ್ದರೆ, ಬೇರೊಬ್ಬ ಹೆಂಗಸಿನ ಅಂಡದಲ್ಲಿರುವ ಒಳ್ಳೆಯ ಸೂತ್ರಕಣಗಳನ್ನು ಉಪಯೋಗಿಸಿ ಮಗುವನ್ನು ಪಡೆಯಲು ಅಲ್ಲಿಯ ಪಾರ್ಲಿಮೆಂಟು ೨೦೧೫ರಲ್ಲಿ ಸಮ್ಮತಿಸಿತು. ಹಾಗೆ ಎಂಟು ಮಕ್ಕಳು ಹುಟ್ಟಿದ ವರದಿ ೨೦೨೫ರ ಜುಲೈಯಲ್ಲಿ ನ್ಯೂಕ್ಯಾಸಲ್ಲಿನಿಂದ ಬಂದಿತು. ಅದ್ಭುತವೇ ಸರಿ. ನಮ್ಮ ಮನೆಯ ರೋಗಕ್ಕೆ ಅದರಿಂದ ಪ್ರಯೋಜನವಿಲ್ಲವೆಂದು ತಿಳಿಯುವಷ್ಟು ವಿದ್ಯೆ ಆ ಹೊತ್ತಿಗೆ ನನಗೆ ಬಂದಿತ್ತು.

ಮರುದಿನ ನಾನೂ ಹೆಂಡತಿಯೂ ಹುಕ್ಕೇರಿಗೆ ಹೋದೆವು. ಬಸ್ಸಿನಲ್ಲಿಯೇ ಅವಳಿಗೆ ಎಲ್ಲವನ್ನೂ ಹೇಳಿದೆನು. ಅವಳು ಕಿಡಿಕಿಯ ಹೊರಗೆ ನೋಡುತ್ತ ಕೇಳಿದಳು. "ಮೊದಲು ಅಲ್ಲಿ ಹೇಳ್ರಿ" ಎಂದಷ್ಟೇ ಅಂದಳು. ಹುಕ್ಕೇರಿಯ ಅದೇ ಪಡಸಾಲೆಯಲ್ಲಿ ತಂಗಿ, ಭಾವ, ಅಳಿಯ, ಮಗಳು ಎಲ್ಲರನ್ನೂ ಕೂಡಿಸಿ ಪತ್ರವನ್ನು ಮತ್ತೊಮ್ಮೆ, ಈ ಸಲ ಸರಿಯಾಗಿ, ಓದಿದೆನು. ತಪ್ಪರ್ಥ ಹೇಳಿದವನು ನಾನೆಂದೂ, ಮಗಳು ಅಂದದ್ದೇ ಸರಿಯೆಂದೂ ಹೇಳಿದೆನು. ಆ ವಾಕ್ಯವನ್ನು ಮುಗಿಸುವದು ನಾನು ಎಣಿಸಿದ್ದಕ್ಕಿಂತ ಕಠಿಣವಾಯಿತು.

ತಂಗಿ ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ, "ಹಂಗಾದ್ರ ಅಣ್ಣಾ, ನಮ್ಮ ಅಪ್ಪನಿಂದ ಬಂದದ್ದೋ, ಅವ್ವನಿಂದ ಬಂದದ್ದೋ?" ಎಂದಳು. ಅವರಿಬ್ಬರೂ ಹೋಗಿ ಎಷ್ಟೋ ವರ್ಷಗಳಾದವು, ಯಾರಿಂದ ಎಂಬದನ್ನು ಇನ್ನು ತಿಳಿಯಲಾಗದೆಂದೆನು. "ತಿಳೀದಿದ್ರ ಛಲೋ ಆತು" ಎಂದು ಎದ್ದು ಹೋಗಿ ನನ್ನ ಹೆಂಡತಿಯ ಮಗ್ಗುಲಲ್ಲಿ ಕುಳಿತಳು. ಅವರಿಬ್ಬರೂ ಏನು ಮಾತಾಡಿದರೋ ನನಗೆ ಕೇಳಲಿಲ್ಲ.

ಮಗಳು ಕೇಳಿದ್ದು ಬೇರೆ ಪ್ರಶ್ನೆ. ಮುಂದಿನ ಮಗುವಿನ ವಿಷಯ. ಶಿಷ್ಯನು ನನಗೆ ಬರೆದುಕೊಟ್ಟಿದ್ದನ್ನೇ ಓದಿ ಹೇಳಿದೆನು, ನನ್ನದೊಂದು ಶಬ್ದವನ್ನೂ ಕೂಡಿಸಲಿಲ್ಲ: ಪ್ರತಿಯೊಂದು ಬಸಿರಿನಲ್ಲಿಯೂ ನಾಲ್ಕಕ್ಕೆ ಒಂದು ಪಾಲು ಈ ರೋಗದ ಸಂಭವ, ಮೂರು ಪಾಲು ರೋಗವಿಲ್ಲದ ಮಗುವಿನ ಸಂಭವ, ತಪ್ಪಕ್ಷರ ಯಾವದೆಂದು ಈಗಾಗಲೇ ಗೊತ್ತಿರುವದರಿಂದ ಬಸಿರಿನ ಹನ್ನೊಂದು ವಾರಗಳ ಸುಮಾರಿಗೆ ಪರೀಕ್ಷೆ ಮಾಡಿ ತಿಳಿಯಬಹುದು, ಅದಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು. ಅಳಿಯನು ಆ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಒಮ್ಮೆ ಓದಿ, ಮಡಿಚಿ ಮಗಳ ಕೈಯಲ್ಲಿಟ್ಟನು. ಇನ್ನು ಆ ಮನೆಯ ಪತ್ರಗಳನ್ನು ಅವರೇ ಓದಿಕೊಳ್ಳುವರು.

ಪಂಚಮಿಗೆ ಇನ್ನೂ ಹದಿನೈದು ದಿನವಿದ್ದಿತು. ಹೆಂಡತಿ ಅಷ್ಟು ದಿನ ಕಾಯಲಿಲ್ಲ. ಹುಕ್ಕೇರಿಯಿಂದ ಮರಳಿದ ಮೂರನೆಯ ದಿನವೇ ಮೂಡಲಗಿಯ ಬಸ್ಸಿಗೆ ನನ್ನನ್ನು ಹೊರಡಿಸಿದಳು. "ಹೇಳಾವ್ರು ನೀವು, ನಾ ಅಲ್ಲ" ಎಂದಳು. ಮೊಣಕಾಲಿನ ಮಾತು ಬರಲಿಲ್ಲ.

ನನ್ನ ಅತ್ತೆಗೆ ಎಂಬತ್ತೈದು ದಾಟಿದೆ, ಕಿವಿ ಮಂದ. ಕಟ್ಟೆಯ ಮೇಲೆ ಕುಳಿತು ನಾನು ದೊಡ್ಡ ದನಿಯಿಂದ, ಓಣಿಯವರಿಗೆಲ್ಲ ಕೇಳುವಂತೆ, ಮಾತೃಕೆ, ಪ್ರತಿ, ತಪ್ಪಕ್ಷರ ಎಂದು ವಿವರಿಸಿದೆನು. ಮುದುಕಿ ಎಲ್ಲವನ್ನೂ ಕೇಳಿಸಿಕೊಂಡು ನನಗೇನೂ ಅನ್ನದೆ ಮಗಳ ಕಡೆಗೆ ತಿರುಗಿ, "ಆ ಹುಡಿಗಿಗೆ ಈಗ ಊಟ ಸೇರತದೇನು?" ಎಂದು ಕೇಳಿದಳು.

"ಸೇರತದವ್ವಾ" ಎಂದು ನನ್ನ ಹೆಂಡತಿ ಅಂದು, ಚೀಲವನ್ನೆತ್ತಿಕೊಂಡು ಒಳಗೆ ಹೋದಳು. ಅವಳು ಅಲ್ಲಿ ಪಂಚಮಿಯ ವರೆಗೆ ಉಳಿದಳು. ನಾನು ಸಂಜೆಯ ಬಸ್ಸಿಗೆ ಒಬ್ಬನೇ ಗೋಕಾಕಕ್ಕೆ ಬಂದೆನು.